ಕೆಂಪು ಬಾಣ

ನನಗೆ ಅನುಮಾನದ ರೋಗ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ರೋಗ ಇದೆ ಅಂತಲೇ ಅಲ್ಲವೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿರುವುದು? ಹೊಲಿದು ಬಂದ ಅಂಗಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ತಪ್ಪಿದ ಹೊಲಿಗೆ, ಸಡಿಲ ಗುಂಡಿ, ಸೊಟ್ಟ ಕಾಲರ್ ಕಂಡಲ್ಲೆಲ್ಲ ಕೆಂಪು ಬಾಣದ ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಪಕ್ಕದಲ್ಲಿ ಮೂರು ಬುಟ್ಟಿ: ಪಾಸ್, ತಿದ್ದಲು ಕಳಿಸುವ ಆಲ್ಟರ್, ರಿಜೆಕ್ಟ್. ಹನ್ನೊಂದು ವರ್ಷದಿಂದ ಇದೇ. ಹೊಲಿಯುವ ಹೆಂಗಸರು ನನಗೆ ಭೂತಗನ್ನಡಿ ಅಂತ ಹೆಸರಿಟ್ಟಿದ್ದಾರೆ. ಎದುರಿಗೆ ಕರೆಯುವ ಧೈರ್ಯ ಮಾತ್ರ ಇಸ್ತ್ರಿ ಮೇಜಿನ ಅಕ್ಕನೊಬ್ಬಳಿಗೇ.

ಮದುವೆಯಾಗಿ ಎರಡು ವರ್ಷ. ಅದರಲ್ಲಿ ಗಂಡನ ಜೊತೆ ಸಂಸಾರ ಮಾಡಿದ್ದು ಇಪ್ಪತ್ತಾರು ದಿನ. ಅವರು ಹೊರದೇಶದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾರೆ. ರಜೆ ಮುಗಿಸಿ ಹೋದವರು ನನ್ನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರು. ಅಂದಿನಿಂದ ನನ್ನ ಸಂಸಾರವೆಲ್ಲ ಫೋನಿನಲ್ಲೇ ನಡೆದಿತ್ತು. ಅವರ ಸಂಜೆಯ ಹೊತ್ತಿಗೆ ನನಗೆ ಬೆಳಗು. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಮಾತಾಡುವುದು, ಬಸ್ಸು ಬಂದ ಕೂಡಲೇ ಇಡುವುದು.

ವೀಸಾ ಸಂದರ್ಶನಕ್ಕೆ ಹತ್ತು ದಿನವಿದೆ ಎನ್ನುವಾಗ ಅವರು ಒಂದು ಪಟ್ಟಿ ಕಳಿಸಿದರು. "ಮದುವೆ ನಿಜವಾ ನಾಟಕವಾ ಅಂತ ನೋಡೋಕೆ ಏನು ಬೇಕಾದ್ರೂ ಕೇಳ್ತಾರಂತೆ. ಇದನ್ನ ಬಾಯಿಪಾಠ ಮಾಡ್ಕೋ" ಅಂದರು.

ಓದುತ್ತಾ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. 'ಗಂಡ ದಿನಕ್ಕೆ ಎಷ್ಟು ಟೀ ಕುಡಿಯುತ್ತಾರೆ? ಅರ್ಧ ಲೋಟ.' ಅರ್ಧ ಲೋಟವೇ! ಇಪ್ಪತ್ತಾರು ದಿನದಲ್ಲಿ ನಮ್ಮ ಮನೆಯ ಟೀಪುಡಿ ಡಬ್ಬಿಯನ್ನು ಎರಡು ಸಲ ಖಾಲಿ ಮಾಡಿದ ಮನುಷ್ಯ. 'ಮಲಗುವುದು ಯಾವ ಮಗ್ಗುಲಿಗೆ? ಬಲ.' ನಾನು ನೋಡಿದಂತೆ ಎಡ ಮಗ್ಗುಲಿಗೆ ತಿರುಗಿದರೆ ಬೆಳಗಿನವರೆಗೂ ಕದಲುತ್ತಿರಲಿಲ್ಲ. ಯಾರು ಕಲಿಸಿದರು ಈ ಹೊಸ ಚಾಳಿ? ಯಾರ ಕಡೆ ತಿರುಗಿ ಮಲಗುತ್ತಿದ್ದಾರೆ?

ಅದು ಸಾಲದು ಎಂಬಂತೆ ಕರೆಪಟ್ಟಿ. ಎರಡು ವರ್ಷದ ಕರೆಗಳನ್ನೆಲ್ಲ ಸಾಕ್ಷಿಗೆ ಪ್ರಿಂಟ್ ಹಾಕಿಸಬೇಕಿತ್ತು. ಹಾಕಿಸಿ, ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಹರಡಿದೆ. ಮೊದಲು ದಿನವೂ ಕರೆ. ಎಂಟು ತಿಂಗಳ ಹಿಂದಿನಿಂದ ಮಂಗಳವಾರ, ಗುರುವಾರ, ಶನಿವಾರ ಒಂದೇ ಒಂದು ಕರೆ ಇಲ್ಲ. ಯಾವಾಗ ಕೇಳಿದರೂ "ಓವರ್‌ಟೈಮ್ ಕಣೇ" ಅನ್ನುತ್ತಿದ್ದರು. ಲಿಫ್ಟುಗಳು ವಾರ ನೋಡಿಕೊಂಡು ಕೆಡುತ್ತವೆಯೇ? ಹಲ್ಲು ಕಚ್ಚಿಕೊಂಡು ಒಂದೊಂದು ಖಾಲಿ ದಿನಕ್ಕೂ ಒಂದೊಂದು ಕೆಂಪು ಬಾಣ ಅಂಟಿಸಿದೆ. ಹಾಳೆಗಳೆಲ್ಲ ಕೆಂಪಾದವು.

"ಏನೇ ಭೂತಗನ್ನಡಿ, ಗಂಡನ್ನೂ ಚೆಕ್ ಮಾಡ್ತಿದ್ದೀಯಾ?" ಅಂದಳು ಇಸ್ತ್ರಿ ಅಕ್ಕ.

"ಮಾಡ್ಬೇಕಾಗಿದ್ದು ಮದುವೆಗೆ ಮುಂಚೆ" ಅಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಅದೇ ಪಟ್ಟಿಯಲ್ಲಿ ಗಂಡನ ಅಕ್ಕನ ಕರೆಗಳೂ ಇದ್ದವು. ಆಕೆ ಅವರಿರುವ ಊರಿನಲ್ಲೇ ಇದ್ದಾರೆ. ಆರು ತಿಂಗಳ ಹಿಂದೆ ಇದ್ದಕ್ಕಿದ್ದ ಹಾಗೆ ದಿನವೂ ಫೋನು, ಬಾಯ್ತುಂಬ ಬೆಣ್ಣೆ. ಒಂದು ದಿನ, "ಅರ್ಜಿಗೆ ನಿನ್ನ ರಕ್ತದ ಗುಂಪು ಬೇಕಂತಲ್ಲಮ್ಮ, ಯಾವುದು?" ಎಂದು ಕೇಳಿದರು. ಆ ಅರ್ಜಿಯನ್ನು ನಾನು ಕಾಲರ್ ನೋಡುವ ಹಾಗೆ ನೋಡಿದ್ದೆ. ರಕ್ತದ ಗುಂಪಿನ ಮಾತೇ ಅದರಲ್ಲಿರಲಿಲ್ಲ. ಯಾಕೋ ಸರಿ ಕಾಣಲಿಲ್ಲ. "ಎಬಿ, ಅತ್ತಿಗೆ" ಎಂದು ಬಾಯಿಗೆ ಬಂದದ್ದು ಹೇಳಿ ಫೋನಿಟ್ಟೆ.

ಸಂದರ್ಶನ ಗುರುವಾರ ಬೆಳಿಗ್ಗೆ, ಆ ದೇಶದ ವೀಸಾ ಕಚೇರಿಯಲ್ಲಿ. ಫೋನನ್ನು ಗೇಟಿನಲ್ಲೇ ಇಸಿದುಕೊಂಡು ಚೀಟಿ ಕೊಟ್ಟರು. ಒಳಗೆ ಸಾಲು ಸಾಲು ಕುರ್ಚಿ, ಎದುರಿಗೆ ಗಾಜಿನ ಕಿಟಕಿಗಳು. ಪಕ್ಕದ ಹುಡುಗಿ ಕಣ್ಣುಮುಚ್ಚಿ "ನೀಲಿ ಬಣ್ಣ ಇಷ್ಟ, ಬೆಂಡೆಕಾಯಿ ಆಗಲ್ಲ" ಎಂದು ಗುನುಗುತ್ತಿದ್ದಳು. ನನ್ನ ಗಂಡನಿಗೆ ಏನು ಆಗುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಸತ್ಯ ಹೇಳಬೇಕೆಂದರೆ, ವೀಸಾ ಸಿಕ್ಕರೆ ಹೋಗಬೇಕೋ ಬೇಡವೋ ಎನ್ನುವುದೂ ಗೊತ್ತಿರಲಿಲ್ಲ. ಕೆಲಸ ಬಿಟ್ಟು, ತಾಯಿಯನ್ನು ಬಿಟ್ಟು, ಅರ್ಧ ಲೋಟ ಟೀ ಕುಡಿಯುವ ಆ ಅಪರಿಚಿತನ ಮನೆಗೆ ಯಾಕೆ ಹೋಗಬೇಕು?

ನನ್ನ ನಂಬರು ಬಂತು. ಗಾಜಿನ ಹಿಂದೆ ಕನ್ನಡಕದ ಹೆಂಗಸೊಬ್ಬರು. ನಮ್ಮ ಭಾಷೆಯನ್ನು ಉಕ್ತಲೇಖನ ಕೊಡುವವರ ಹಾಗೆ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಫೈಲ್ ಕೊಟ್ಟೆ. ಹಾಳೆ ತಿರುಗಿಸುತ್ತಾ ಇದ್ದವರು ನಿಲ್ಲಿಸಿ, ಒಂದು ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದರು.

"ಈ ಕೆಂಪು ಬಾಣಗಳು ಏನು?"

ಅಯ್ಯೋ ದೇವರೇ! ಇನ್ನೊಂದು ಪ್ರತಿ ಹಾಕಿಸುವುದನ್ನೇ ಮರೆತು, ಬಾಣ ಅಂಟಿಸಿದ ಪಟ್ಟಿಯನ್ನೇ ಕೊಟ್ಟುಬಿಟ್ಟಿದ್ದೆ. ಊರಿನ ತಪ್ಪೆಲ್ಲ ಹುಡುಕುವವಳಿಗೆ ತನ್ನ ತಪ್ಪು ಕಾಣಲಿಲ್ಲ. ಸುಳ್ಳು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

"ಅವತ್ತು ಅವರು ಫೋನ್ ಮಾಡಿಲ್ಲ" ಅಂದೆ. "ಓವರ್‌ಟೈಮ್ ಅಂತಾರೆ. ನನಗೆ ನಂಬಿಕೆ ಇಲ್ಲ."

ಆಕೆ ಇನ್ನೊಂದು ಕಾಗದ ತೆಗೆದರು. "ಓವರ್‌ಟೈಮ್? ಅವರ ಕಂಪನಿ ನಮಗೆ ನೇರವಾಗಿ ಕಳಿಸಿದ ಪತ್ರ ಇಲ್ಲಿದೆ. ಈ ಮೂರು ದಿನ ಚಿಕಿತ್ಸೆಗಾಗಿ ಬೇಗ ಬಿಡುತ್ತೇವೆ ಎಂದು ಬರೆದಿದ್ದಾರೆ. ಯಾವ ಚಿಕಿತ್ಸೆ?"

ಅರ್ಧ ಲೋಟ ಟೀ. ನೀರೂ ಅಳೆದು ಕುಡಿಯುವ ಚಿಕಿತ್ಸೆ. ವಾರಕ್ಕೆ ಮೂರು ಸಲ. ಬೇಸಿಗೆಯಲ್ಲೂ ವಿಡಿಯೋದಲ್ಲಿ ತುಂಬುತೋಳಿನ ಅಂಗಿ. ಎಡಗೈ ಅಡಿಯಾಗದಂತೆ ಮಲಗುವುದು. ಸೂಜಿ ಚುಚ್ಚಿ ಚುಚ್ಚಿ ನರ ಉಬ್ಬಿದ ಅಂಥ ಕೈ ನಾನು ನೋಡಿದ್ದೆ. ನಮ್ಮ ಹಳೆಯ ಮೇಲ್ವಿಚಾರಕರು ಕಿಡ್ನಿ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಮತ್ತೆ, ರಕ್ತದ ಗುಂಪು.

ಓಹೋ. ನನ್ನ ಕಿಡ್ನಿಗೋ ನನ್ನನ್ನು ಕರೆಸಿಕೊಳ್ಳುತ್ತಿರುವುದು?

"ನನಗೆ ಹೇಳಿಲ್ಲ ಮೇಡಂ" ಅಂದೆ. ಕಣ್ಣಲ್ಲಿ ನೀರು, ಮೈಯೆಲ್ಲ ಸಿಟ್ಟು. "ಹೇಳಿದ್ರೆ ನಾನು ಬರಲ್ಲ ಅಂದ್ಕೊಂಡಿರ್ಬೇಕು. ಅವರನ್ನ ಒಂದು ಸಲ ಇಲ್ಲಿ ಈ ಗಾಜಿನ ಮುಂದೆ ನಿಲ್ಲಿಸಿ, ನಾನು ಆ ಕಡೆ ಕೂತು ಪ್ರಶ್ನೆ ಕೇಳ್ತೀನಿ."

 ಆಕೆ ಏನೋ ಟೈಪ್ ಮಾಡಿ, ಪಾಸ್‌ಪೋರ್ಟ್ ಇಟ್ಟುಕೊಂಡು ಉಳಿದ ಕಾಗದಗಳನ್ನು ವಾಪಸ್ ತಳ್ಳಿದರು. "ನಾಟಕದ ಮದುವೆಯವರು ಬಾಣ ಅಂಟಿಸುವುದಿಲ್ಲ. ವೀಸಾ ಮಂಜೂರಾಗಿದೆ. ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ."

ಹೊರಗೆ ಬಂದು ಫೋನ್ ಬಿಡಿಸಿಕೊಂಡು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತೆ. ಗುರುವಾರ. ಎತ್ತುವುದಿಲ್ಲ ಎಂದು ಗೊತ್ತಿತ್ತು. 'ಓವರ್‌ಟೈಮ್ ಅಲ್ಲ ಅಂತ ಗೊತ್ತಾಯ್ತು. ವಿಡಿಯೋ ಎತ್ತಿ' ಎಂದು ಬರೆದು ಕರೆ ಮಾಡಿದೆ. ಎತ್ತಿದರು. ಒರಗುಕುರ್ಚಿ, ಮೇಲಕ್ಕೆ ಮಡಚಿದ ಅಂಗಿತೋಳು, ಎಡಗೈಯಿಂದ ಹೊರಟ ಎರಡು ಕೆಂಪು ಕೊಳವೆ. ಮುಖ ಸಣ್ಣಗಾಗಿತ್ತು.

"ಯಾವಾಗಿಂದ?"

"ಎಂಟು ತಿಂಗಳು."

"ಮದುವೆಗೆ ಮುಂಚೆ ಗೊತ್ತಿತ್ತಾ?"

"ಇಲ್ಲ. ನಿನ್ನಾಣೆ ಇಲ್ಲ."

"ನನ್ನ ಮೇಲೆ ಆಣೆ ಇಡ್ಬೇಡಿ. ನಿಮ್ಮಕ್ಕ ನನ್ನ ರಕ್ತದ ಗುಂಪು ಕೇಳಿದ್ದು ಗೊತ್ತಾ?"

"ಕೇಳಿದ್ಮೇಲೆ ಗೊತ್ತಾಯ್ತು. ಜಗಳ ಆಡ್ದೆ. ನಿಂದು ಎಬಿ, ನನ್ನ ಓ ಗುಂಪಿಗೆ ಆಗಿಬರಲ್ಲ ಅಂತ ಅತ್ತಳು. ನಾನು ಅವತ್ತು ನೆಮ್ಮದಿಯಾಗಿ ನಿದ್ದೆ ಮಾಡ್ದೆ ಕಣೇ. ಇನ್ಮೇಲೆ ನಿನ್ನ ಕರೆಸ್ಕೊಂಡ್ರೆ ಅದಕ್ಕೇ ಕರೆಸ್ಕೊಂಡ ಅಂತ ಆಗಲ್ಲವಲ್ಲ."

ಮಾತು ಚೆನ್ನಾಗಿತ್ತು. ಚೆನ್ನಾಗಿರುವ ಮಾತೆಂದರೆ ನನಗೆ ಇನ್ನಷ್ಟು ಅನುಮಾನ. ಫೋನನ್ನು ಮೊಣಕಾಲಿಗೆ ಒರಗಿಸಿಟ್ಟು ಕರೆಪಟ್ಟಿ ತೆಗೆದೆ. ಎಬಿ ಎಂದು ಹೇಳಿದ ದಿನದಿಂದ ಅತ್ತಿಗೆಯ ಕರೆ ಆರು ತಿಂಗಳಲ್ಲಿ ಎರಡೇ ಎರಡು. ಇವರದು? ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ. ಬೆರಳಿಟ್ಟು ಒಂದೊಂದೇ ಸಾಲು ನೋಡಿದೆ, ಮತ್ತೆ ಮೇಲಿನಿಂದ ನೋಡಿದೆ. ಒಂದೂ ತಪ್ಪಿರಲಿಲ್ಲ. ನಾನು ಯಾವ ಉಪಯೋಗಕ್ಕೂ ಬಾರದವಳು ಎಂದು ಗೊತ್ತಾದ ಮೇಲೂ ಒಂದು ದಿನ ತಪ್ಪಿರಲಿಲ್ಲ. ಖಾಲಿ ದಿನಗಳಿಗೇ ಬಾಣ ಅಂಟಿಸಿದ ನಾನು ಈ ದಿನಗಳನ್ನು ನೋಡಿಯೇ ಇರಲಿಲ್ಲ. ಪಾಸ್ ಮಾಡುವ ಹಾಗಿರಲಿಲ್ಲ, ಸುಳ್ಳು ಸುಳ್ಳೇ. ರಿಜೆಕ್ಟ್ ಬುಟ್ಟಿಗೆ ಹಾಕಲು ಕೈ ಬರಲಿಲ್ಲ.

"ಏನಾದ್ರೂ ಮಾತಾಡೇ" ಅಂದರು.

"ವೀಸಾ ಆಯ್ತು. ಬರ್ತೀನಿ" ಅಂದೆ. ಅವರು ಬಲಗೈಯಲ್ಲಿ ಕಣ್ಣೊರೆಸಿಕೊಂಡರು. "ಪೂರ್ತಿ ಕೇಳಿ. ಎಬಿ ಅಂದಿದ್ದು ಸುಳ್ಳು. ನಂದೂ ಓ."

ಅವರ ಕೈ ಕಣ್ಣಿನ ಮೇಲೇ ನಿಂತಿತು.

"ನಿಮ್ಮಕ್ಕನಿಗೆ ಇದು ಗೊತ್ತಾಗ್ಕೂಡದು. ಕೊಡ್ತೀನಿ ಅಂತ ನಾನು ಹೇಳ್ತಿಲ್ಲ, ಕೊಡಲ್ಲ ಅಂತಾನೂ ಹೇಳ್ತಿಲ್ಲ. ಬೇಕು ಅಂದ್ರೆ ನೀವೇ ಕೇಳ್ಬೇಕು."

"ನಾನು ಯಾವತ್ತೂ ಕೇಳಲ್ಲ" ಅಂದರು.

"ಅದನ್ನೂ ನನ್ನೆದುರಿಗೆ ಕೂತು ಹೇಳಿ. ನಾನು ಮುಖ ನೋಡ್ಬೇಕು" ಅಂದೆ.