ಎಣ್ಣೆಯ ಘಮಲು ಬೇಡಿ ಬಂದವನು

ಕಾದ ಎಣ್ಣೆಯ ಘಮಲು ಬಂದರೆ ನನಗೆ ಈಗಲೂ ಅಮ್ಮನ ಗುರುವಾರದ ಸಂಜೆಗಳು ನೆನಪಾಗುತ್ತವೆ. ತೆಳ್ಳನೆಯ ರೊಟ್ಟಿಗಳನ್ನು ಕರಿಯುತ್ತ, ಹೊಗೆ ಮೇಲೇಳುವಾಗ ಅವಳು ಮನೆಯ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ನಾವಿಡುವ ಅನ್ನದಲ್ಲಿ ಸತ್ತವರಿಗೆ ತಲುಪುವುದು ಆ ಘಮಲೊಂದೇ. ಕೊನೆಗೆ ದನಿ ತಗ್ಗಿಸಿ, "ತೊಟ್ಟಿಲಲ್ಲೇ ಹೋದ ಸುಕೂನ್‌ಗೂ" ಎನ್ನುತ್ತಿದ್ದಳು. ಸುಕೂನ್ ಅಪ್ಪನ ತಂಗಿ. ಅವಳಿಗೆ ಸಮಾಧಿಯ ಕಲ್ಲೂ ಇಲ್ಲ. ನಮ್ಮ ಒಲೆಯ ಮುಂದೆ ಬಿಟ್ಟರೆ ಆ ಹೆಸರನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ.

ತಮ್ಮ ಮೆದೆರ್‌ಕುಲ್ ಆ ಹೊತ್ತಿಗೆಲ್ಲ ಊರ ಕ್ಲಬ್ಬಿನಲ್ಲಿ ಹಿಂದಿ ಸಿನಿಮಾ ನೋಡುತ್ತ ಕೂತಿರುತ್ತಿದ್ದ. ಮುಂದೆ ಆ ಸಿನಿಮಾಗಳೇ ಅವನ ಬಂಡವಾಳವಾದವು. ಸಂತೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರು, ಹಾಡು ಕೇಳಿದೊಡನೆ ಕಣ್ಣು ಬರುವ ಕುರುಡು ತಾಯಿ, ಎಲ್ಲವನ್ನೂ ಅವನೊಬ್ಬನೇ ಮಾಡಿ ತೋರಿಸುತ್ತಿದ್ದ. "ಆ ಯಮ್ಮಂಗೆ ಮಕ್ಕಳನ್ನ ಕಾಯೋಕೆ ಬರಲ್ಲ, ಹಾಡೋಕೆ ಮಾತ್ರ ಬರುತ್ತೆ. ಕುರಿ ಕಾಯೋಕೆ ಅವಳನ್ನ ಇಟ್ಕೊಂಡ್ರೆ ಚಳಿಗಾಲಕ್ಕೆ ನಾವೂ ಹಾಡ್ತಾ ಕೂರ್ಬೇಕು" ಎನ್ನುತ್ತಿದ್ದ. ನಮ್ಮೂರು ಆಟ್‌ಬಾಶಿಯಲ್ಲಿ ಅವನಿಲ್ಲದ ಔತಣ ಸಪ್ಪೆ.

ಹಿಂದಿನ ವರ್ಷ ಮೆದೆರ್‌ಕುಲ್ ತನ್ನ ಗೆಳೆಯ ಶೇರ್ಮತ್‌ನ ಮನೆಯೂಟಕ್ಕೆ ಯಾರನ್ನೋ ಕಳೆದುಹೋದ ಅಣ್ಣನೆಂದು ಕಳಿಸಿ, ಶೇರ್ಮತ್ ಅವನನ್ನು ತಬ್ಬಿಕೊಂಡು ಅತ್ತ ಮೇಲೆ ಗುಟ್ಟು ಬಿಟ್ಟುಕೊಟ್ಟಿದ್ದ. ಇದಕ್ಕೆ ತಕ್ಕ ಉತ್ತರ ಕೊಡುತ್ತೇನೆಂದು ಶೇರ್ಮತ್ ಅಂದಿನಿಂದ ಹೇಳಿಕೊಂಡು ತಿರುಗುತ್ತಿದ್ದ.

ಈ ವಸಂತದಲ್ಲಿ ಮೆದೆರ್‌ಕುಲನ ಮೊಮ್ಮಗ ಮೊದಲ ಹೆಜ್ಜೆಯಿಟ್ಟ ಸಂತೋಷಕ್ಕೆ ಕುರಿ ಕಡಿದಿದ್ದರು. ಮನೆ ತುಂಬಿದ್ದಾಗ ಧೂಳು ಹಿಡಿದ ಕೋಟಿನ ಮುದುಕನೊಬ್ಬ ಬಾಗಿಲಲ್ಲಿ ನಿಂತ. ಹೆಸರು ಕಸ್ಮಾಲಿಯಂತೆ. ಗಡಿಯಾಚೆ, ಚೀನಾದ ಕಡೆಯಿಂದ ಬಂದವನಂತೆ. ತುರ್ದುಕೆಯ ಮಗನಂತೆ. ತುರ್ದುಕೆ ನಮ್ಮಪ್ಪನ ತಮ್ಮ. ಹಸಿವಿನ ಕಾಲದಲ್ಲಿ ಬೆಟ್ಟ ದಾಟಿ ಹೋದವನ ಸುದ್ದಿ ಮತ್ತೆ ಬಂದಿರಲಿಲ್ಲ. ಅದು ಊರಿಗೆಲ್ಲ ಗೊತ್ತಿದ್ದ ಕಥೆ.

"ಅಪ್ಪ ಹೋದ ಚಳಿಗಾಲ ತೀರ್ಕೊಂಡ್ರು" ಎಂದ ಮುದುಕ. "ನಾನು ಹುಟ್ಟಿದ ಮನೇಲಿ, ನನ್ನೋರ ಕೈಲಿ, ನನ್ನ ಹೆಸರಿಗೆ ಒಂದ್ಸಲ ಎಣ್ಣೆ ಕಾಯಿಸ್ಲಿ ಅಂದಿದ್ರು. ಅಷ್ಟು ಕೇಳೋಕೆ ಬಂದೆ. ಲಾರಿ ಸಂಜೆಗೆ ವಾಪಸ್ ಹೋಗುತ್ತೆ."

ಅವನ ಮಾತಿನ ಧಾಟಿ ನಮ್ಮದಕ್ಕಿಂತ ಕೊಂಚ ಬೇರೆ. ಮೆದೆರ್‌ಕುಲ್ ಶೇರ್ಮತ್‌ನತ್ತ ಕಣ್ಣು ಹೊಡೆದು, ಎರಡೂ ತೋಳು ಚಾಚಿ ಎದ್ದ. ಕುರುಡು ತಾಯಿಯ ದನಿಯಲ್ಲಿ ಮಗನೇ ಎಂದು ತಡವುತ್ತ ಬಂದು, ಮಚ್ಚೆ ಎಲ್ಲಿ ಎಂದು ಕೇಳಿದ. ಆಮೇಲೆ ಮುದುಕನ ಕಿವಿ ಹಿಡಿದ.

"ತಡೀರಪ್ಪ, ನಮ್ಮ ಮಂದೇದೋ ಪಕ್ಕದ ಮಂದೇದೋ, ಕಿವಿಗುರುತು ನೋಡ್ತೀನಿ."

ಮನೆ ಬಿದ್ದುಹೋಗುವಂಥ ನಗು. ನಾನೂ ತಲೆವಸ್ತ್ರದ ತುದಿಯನ್ನು ಬಾಯಿಗೊತ್ತಿಕೊಂಡು ನಕ್ಕೆ. ಈ ಕಡೆಯ ಪದ್ಧತಿ ಹೀಗಿರಬೇಕೆಂದುಕೊಂಡನೋ ಏನೋ, ಮುದುಕನೂ ಸ್ವಲ್ಪ ನಕ್ಕು, ಕಿವಿ ಚೆನ್ನಾಗಿ ಕಾಣಲೆಂದು ತಲೆ ಬಾಗಿಸಿದ.

ನಮ್ಮಲ್ಲಿ ಕುರಿಯ ಒಂದೊಂದು ಮೂಳೆಯೂ ವಯಸ್ಸಿಗೆ, ನೆಂಟಸ್ತಿಕೆಗೆ ತಕ್ಕಂತೆ ಒಬ್ಬೊಬ್ಬರಿಗೆ ಸಲ್ಲುತ್ತದೆ. ಹಿರಿಯನಿಗೆ ಸೊಂಟದ ಮೂಳೆ. ಮೆದೆರ್‌ಕುಲ್ ಅದನ್ನು ತನ್ನ ತಟ್ಟೆಗೆ ಹಾಕಿಕೊಂಡು, ಅತಿಥಿಯ ಮುಂದೆ ಯಾರೂ ಇಡದ ಕತ್ತಿನ ಮೂಳೆಯನ್ನು ಮುದುಕನಿಗೆ ಬಡಿಸಿದ. ಮತ್ತೆ ನಗು. ಮುದುಕ ಅದನ್ನೊಮ್ಮೆ ನೋಡಿ, ಚಾಕು ತೆಗೆದುಕೊಂಡ. ಮೆದೆರ್‌ಕುಲನ ಸೊಸೆಯೊಬ್ಬಳು ಮಾತ್ರ ನಗದೆ ಬಂದು ಅವನ ಬೆನ್ನಿಗೆ ದಿಂಬು ಇಟ್ಟು ಹೋದಳು.

ಊಟ ಮುಗಿಯುತ್ತ ಬಂದಾಗ ಮೆದೆರ್‌ಕುಲ್ ಶೇರ್ಮತ್‌ನ ಕಡೆ ಬಾಗಿದ.

"ಎಲ್ಲಿಂದ ಹಿಡ್ಕೊಂಡು ಬಂದ್ಯೋ ಇವನನ್ನ? ಚೆನ್ನಾಗಿ ಮಾಡ್ತಾನೆ."

ಶೇರ್ಮತ್ ಕಣ್ಣೊರೆಸಿಕೊಂಡ. "ನಾನೆಲ್ಲಿ ತಂದೆ? ನೀನೇ ಕರೆಸಿದ್ದು ಅನ್ಕೊಂಡಿದ್ದೆ."

ತಮ್ಮನ ಮುಖದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು. ಅಷ್ಟರಲ್ಲಿ ಊಟದ ಕೊನೆಯ ಪ್ರಾರ್ಥನೆಗೆ ಎಲ್ಲರೂ ಅಂಗೈ ಬಿಡಿಸಿದರು. ಮುದುಕ ಮೆಲ್ಲಗೆ ತನ್ನ ಸತ್ತವರ ಹೆಸರು ಹೇಳಿಕೊಂಡ. ತಂದೆ, ಅಜ್ಜ, ಅಜ್ಜಿ. ಕೊನೆಗೆ ದನಿ ತಗ್ಗಿಸಿ, "ತೊಟ್ಟಿಲಲ್ಲೇ ಹೋದ ಸುಕೂನ್‌ಗೂ."

ಪ್ರಾರ್ಥನೆ ಮುಗಿಸಿ ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ನನ್ನ ಕೈಗಳು ಮಾತ್ರ ಮುಖದತ್ತ ಏಳಲಿಲ್ಲ.

"ಮೆದೆರ್, ಇವರು ನಾಟಕದೋರಲ್ಲ ಕಣೋ" ಎಂದೆ. "ಅಮ್ಮ ಒಲೆ ಮುಂದೆ ಹೇಳ್ತಿದ್ದ ಹೆಸರು ಅದು. ಸುಕೂನ್ ನಮ್ಮ ಸೋದರತ್ತೆ. ನೀನು ಹಿಂಡಿದ್ದು ನಮ್ಮ ಚಿಕ್ಕಪ್ಪನ ಮಗನ ಕಿವಿ. ನಾವೆಲ್ಲ ಕೂತ್ಕೊಂಡು ನಕ್ವಿ."

ಮೆದೆರ್‌ಕುಲ್ ಆ ಕಿವಿ ಹಿಡಿದಿದ್ದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ. ಅವನ ಕುತ್ತಿಗೆ ಕೆಂಪಾಗಿತ್ತು. ಕೊನೆಗೆ ಮಾತಾಡಿದವನು ಕಸ್ಮಾಲಿಯೇ.

"ನಮ್ಮ ಕಡೇನೂ ಆ ಸಿನಿಮಾ ಬರುತ್ತೆ. ಮಚ್ಚೆ ಕೇಳ್ತಾರೇನೋ ಅಂತ ದಾರಿಯುದ್ದಕ್ಕೂ ಹೆದರ್ಕೊಂಡೇ ಬಂದೆ. ನಂಗೆ ಮಚ್ಚೆ ಇಲ್ಲ."

ಈಗ ಒಬ್ಬರೂ ನಗಲಿಲ್ಲ.

ಮೆದೆರ್‌ಕುಲ್ ಎದ್ದು ಅಡುಗೆಮನೆಗೆ ಹೋದ. ಹೆಂಡತಿಯನ್ನೂ ಸೊಸೆಯನ್ನೂ ಪಕ್ಕಕ್ಕೆ ಸರಿಸಿ ತಾನೇ ಹಿಟ್ಟು ನಾದಿದ. ಹುಟ್ಟಿದಾಗಿನಿಂದ ಲಟ್ಟಣಿಗೆ ಮುಟ್ಟದವನು. ಮೊದಲ ರೊಟ್ಟಿ ಹರಿಯಿತು, ಎರಡನೆಯದು ಕರಕಲಾಯಿತು. ಹೊಗೆ ತೊಲೆಗಳವರೆಗೆ ಎದ್ದಾಗ, "ತುರ್ದುಕೆ ಚಿಕ್ಕಪ್ಪನಿಗೆ" ಎಂದ. ಮುಂದಿನ ಹೆಸರುಗಳು ಅವನಿಗೆ ಬರಲಿಲ್ಲ. ಹೊಸ್ತಿಲಲ್ಲಿ ನಿಂತು ನಾನು ಹೇಳಿಕೊಟ್ಟೆ, ಅವನು ಹೇಳಿದ. ಕಸ್ಮಾಲಿ ಹೊಗೆಯ ನಡುವೆ ಕಣ್ಣು ಮುಚ್ಚಿ ನಿಂತಿದ್ದ, ನಮ್ಮಪ್ಪ ನಿಲ್ಲುತ್ತಿದ್ದ ಹಾಗೆಯೇ, ಒಂದು ಭುಜ ತುಸು ತಗ್ಗಿಸಿ.

ಬೀದಿಯಲ್ಲಿ ಲಾರಿಯ ಹಾರನ್ ಕೇಳಿಸಿತು. ಮೆದೆರ್‌ಕುಲ್ ಸುಡದೆ ಉಳಿದ ರೊಟ್ಟಿಗಳನ್ನೂ ತನ್ನ ತಟ್ಟೆಯಲ್ಲಿ ಮುಟ್ಟದೆ ಉಳಿದಿದ್ದ ಸೊಂಟದ ಮೂಳೆಯನ್ನೂ ಬಿಳಿಬಟ್ಟೆಯಲ್ಲಿ ಕಟ್ಟಿಕೊಂಡು ಗೇಟಿನವರೆಗೆ ಹೋದ. ಅಗಲಿದವರು ಸೇರುವ ದೃಶ್ಯಕ್ಕೆಲ್ಲ ಅವನ ಬಳಿ ಮಾತಿತ್ತು. ಈಗ ಮಾತ್ರ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಆ ಗಂಟನ್ನು ಮುಂದೆ ಚಾಚಿದ. ಕಸ್ಮಾಲಿ ಎರಡೂ ಕೈಯಲ್ಲಿ ತೆಗೆದುಕೊಂಡ.