ಪಕ್ಕೀರಮ್ಮ ತುಂಬದ ಉಡಿ

ನಮ್ಮ ಕಡೆ ಫ್ಲೆಕ್ಸ್ ಕಟ್ಟಿಸಲು ದೊಡ್ಡ ಕಾರಣವೇನೂ ಬೇಕಿಲ್ಲ. ಹುಟ್ಟಿದರೂ ಕಟ್ಟುತ್ತಾರೆ, ಸತ್ತರೂ ಕಟ್ಟುತ್ತಾರೆ, ನಡುವೆ ಯಾವನಾದರೂ ಪುಢಾರಿ ಊರಿಗೆ ಬಂದು ಚಹಾ ಕುಡಿದು ಹೋದರೂ ಕಟ್ಟುತ್ತಾರೆ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರು ಆ ಬೇಸಿಗೆಯಲ್ಲಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ಮಾತ್ರ ಪುಢಾರಿ ಇರಲಿಲ್ಲ, ಗಾದಿಲಿಂಗಪ್ಪನ ಮಗ ತಿಪ್ಪೇಶ ಇದ್ದ. ಸ್ಟುಡಿಯೋದವನ ಕೋಟು ತೊಟ್ಟಿದ್ದ. ಹಿಂದೊಂದು ವಿಮಾನ ಹಾರುತ್ತಿತ್ತು. ಕೆಳಗೆ ದಪ್ಪ ಅಕ್ಷರ: 'ಕಾಂಬೋಡಿಯಾ ದೇಶಕ್ಕೆ ಇಂಗ್ಲಿಷ್ ಶಿಕ್ಷಕರಾಗಿ ತೆರಳುತ್ತಿರುವ ತಿಪ್ಪೇಶ್ ಜಿ., ಎಂ.ಎ. ಇವರಿಗೆ ಹಾರ್ದಿಕ ಅಭಿನಂದನೆಗಳು.'

ಈ ಎಂ.ಎ. ಎಲ್ಲಿಂದ ಬಂತು? ತಿಪ್ಪೇಶ ಬಿ.ಎ. ಕೊನೆಯ ವರ್ಷದಲ್ಲೇ ಕಾಲೇಜಿಗೆ ಕೈಮುಗಿದವನು. 'ಡಿಗ್ರಿ ಬೇಕಿಲ್ಲ, ಇಂಗ್ಲಿಷ್ ಮಾತಾಡಲು ಬಂದರೆ ಸಾಕು' ಎಂದ ಏಜೆಂಟನ ಮಾತು ನಂಬಿಯೇ ಅವನು ಹೊರಟಿದ್ದು. ಆದರೆ ಫ್ಲೆಕ್ಸ್ ಅಂಗಡಿಯ ಮೌನೇಶ್ ಬಿಡಬೇಕಲ್ಲ. "ಬರೇ ಹೆಸರಿದ್ರ ಬೋಳು ಕಾಣ್ತತ್ರಿ ಮಾವಾರ. ಎಂ.ಎ. ಅಂತ ಹಾಕ್ತೀನಿ, ಜಾಗಾನೂ ಐತಿ" ಎಂದ. ಕಚೇರಿಯೊಂದರಲ್ಲಿ ಅಟೆಂಡರ್ ಆಗಿ ಸಾಹೇಬರ ಫೈಲು ಹೊತ್ತೇ ತಲೆ ನರೆಸಿಕೊಂಡಿದ್ದ ಗಾದಿಲಿಂಗಪ್ಪನಿಗೆ ಆ ಎರಡು ಅಕ್ಷರ ಕಂಡು ಎದೆ ಉಬ್ಬಿತು.

"ಹಾಕಪಾ. ಇವತ್ತಲ್ಲ ನಾಳೆ ಪಾಸ್ ಮಾಡ್ತಾನ."

"ಹಂಗಾದ್ರ ಎರಡು ಮಕ್ಕಳು ಅಂತಾನೂ ಹಾಕಿಸಿಬಿಡು, ಇವತ್ತಲ್ಲ ನಾಳೆ ಆಗ್ತಾವ" ಎಂದು ಅವನ ಹೆಂಡತಿ ಪಕ್ಕೀರಮ್ಮ ನಕ್ಕಿದ್ದಳು. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಅವಳಿಗೆ ಮಾತಿನಲ್ಲೂ ಒಗ್ಗರಣೆ ಬೇಕು.

ತಿಪ್ಪೇಶನಿಗೆ ಇಂಗ್ಲಿಷ್ ಬರುತ್ತಿದ್ದದ್ದು ಮಾತ್ರ ಸುಳ್ಳಲ್ಲ. ಶಿವಯೋಗಪ್ಪನವರ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಿಂದಲೂ ಹುಡುಗರು ಬಸ್ಸು ಹತ್ತಿ ಬರುತ್ತಿದ್ದರು. ಶಿವಯೋಗಪ್ಪನವರ ಮಗಳು ಅಮೃತಾಳೂ ಅಲ್ಲೇ ಕಲಿತವಳು. ಅವಳದೂ ಅರ್ಧಕ್ಕೆ ನಿಂತ ಡಿಗ್ರಿಯೇ.

ಹೋದ ಹೊಸದರಲ್ಲಿ ತಿಪ್ಪೇಶ ಶಾಲೆಯ ಫೋಟೋ ಕಳಿಸಿದ. ಹೂವಿನ ಗಿಡ, ಹಳದಿ ಗೋಡೆ. ಗಾದಿಲಿಂಗಪ್ಪ ಅದನ್ನು ಚಹಾದಂಗಡಿಯಲ್ಲಿ ಕೂತವರಿಗೂ ನಿಂತವರಿಗೂ ತೋರಿಸಿದ. ಆಮೇಲೊಂದು ಭಾನುವಾರ ಬೆಳಗ್ಗೆ ಪಕ್ಕೀರಮ್ಮ ಹಾಸ್ಟೆಲ್ಲಿನಲ್ಲಿ ರವೆ ಹುರಿಯುತ್ತಿದ್ದಾಗ ಮಗನ ವಿಡಿಯೋ ಕಾಲ್ ಬಂತು. ಮುಖದ ತುಂಬ ನಗು.

"ಅವ್ವಾ, ನಗಕೋಂತ ಕೇಳು. ಇಲ್ಲಿ ಸಾಲಿ ಇಲ್ಲ."

"ಹಂಗಂದ್ರ?"

"ಸಾಲಿ ಅನ್ನೋದ ಇಲ್ಲವ್ವಾ, ಆ ಫೋಟೋ ಸುಳ್ಳು. ದೊಡ್ಡ ಬಿಲ್ಡಿಂಗು, ಸುತ್ತ ಮುಳ್ಳುತಂತಿ. ಪಾಸ್‌ಪೋರ್ಟ್ ಕಸಗೊಂಡಾರ. ಪರದೇಶದ ಮುದುಕರಿಗೆ ಇಂಗ್ಲಿಷಿನಾಗ ಫೋನ್ ಹಚ್ಚಿ ಮೋಸ ಮಾಡಸ್ತಾರ. ಒಲ್ಲೆ ಅಂದ್ರ ಮೈಗೆ ಕರೆಂಟ್ ಕೊಡ್ತಾರ. ಮನಿಯವ್ರಿಗೆ ಸಂಶೆ ಬರಬಾರದಂತ ಭಾನುವಾರಕ್ಕೊಮ್ಮೆ ಫೋನ್ ಹಚ್ಚಾಕ ಬಿಡ್ತಾರ, ಬಾಜೂಕ ಒಬ್ಬ ನಿಂತಾನ. ಅವಗ ನಮ್ಮ ಮಾತು ತಿಳಿಯಂಗಿಲ್ಲ, ಮಾರಿ ನೋಡ್ತಾನ. ಅದಕ್ಕ ನಾ ನಗಾಕತ್ತೀನಿ. ನೀನೂ ನಗು."

ಪಕ್ಕೀರಮ್ಮ ನಕ್ಕಳು. ಹಲ್ಲು ಬಿಟ್ಟು ನಕ್ಕಳು.

"ಯಾರಿಗೂ ಹೇಳಬ್ಯಾಡ. ಅಪ್ಪಗಂತೂ ಬ್ಯಾಡ, ಅವನ ಬಾಯಾಗ ಮಾತು ನಿಲ್ಲಂಗಿಲ್ಲ. ಗದ್ದಲಾತಂದ್ರ ನನ್ನ ಹೆಣಾನೂ ಸಿಗಂಗಿಲ್ಲ."

ಅವತ್ತು ಉಪ್ಪಿಟ್ಟು ಸೀದು ಹೋಯಿತು. ಹುಡುಗರು ಬೈದುಕೊಂಡೇ ತಿಂದರು. ಅಂದಿನಿಂದ ಅವಳ ಬಾಯಲ್ಲಿ ಬಿಸಿತುಪ್ಪ, ನುಂಗಲಾರಳು, ಉಗುಳಲಾರಳು. ಗಂಡ ದಿನಾ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ, ಯಾವುದೋ ಬಸ್ಸಿಗೆ ಕಾಯುವವನಂತೆ ನಿಂತು, ಮಗನ ಫ್ಲೆಕ್ಸ್ ನೋಡಿಕೊಂಡು ಬರುತ್ತಿದ್ದ. ಆ ಎಂ.ಎ.ಯನ್ನು ಕಿತ್ತು ಅವನ ಮುಖಕ್ಕೆ ಎಸೆಯಬೇಕು ಎಂದು ಅವಳಿಗೆ ಎನ್ನಿಸುತ್ತಿತ್ತು. ಮರುಗಳಿಗೆ ಅವನ ಮುಖ ನೋಡಿ ಚಹಾಕ್ಕೆ ನೀರಿಡುತ್ತಿದ್ದಳು. ಪಾಪ, ಅವನಿಗೇನು ಗೊತ್ತು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಶಿವಯೋಗಪ್ಪನವರ ಹೆಂಡತಿ ಅನ್ನದಾನಮ್ಮ ಕುಂಕುಮದ ಬಟ್ಟಲು ಹಿಡಿದು ಪಕ್ಕೀರಮ್ಮನ ಬಾಗಿಲಿಗೆ ಬಂದರು. ಆ ಮನೆಯ ಹೆಂಗಸರು ಈ ಕೇರಿಗೆ ಕಾಲಿಟ್ಟದ್ದನ್ನು ಕೇರಿಯ ಮುದುಕಿಯರೂ ಕಂಡಿರಲಿಲ್ಲ. ಒಳಗೆ ಬಂದು, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂತು, ಕೊಟ್ಟ ನೀರನ್ನೂ ಕುಡಿದರು.

"ನಮ್ಮ ಅಮೃತಾನೂ ಹೊಂಟಾಳವ್ವ, ನಿಮ್ಮ ತಿಪ್ಪೇಶನ ಸಾಲಿಗೇ. ಎಂ.ಎ. ಓದಿದ ಹುಡುಗ ಹೋಗ್ಯಾನಂದ್ರ ಜಾಗ ಚಲೋನ ಇರತೈತಿ ಅಂದ್ರು ನಮ್ಮನಿಯವ್ರು. ಗುರುವಾರ ಆಕಿಗೆ ಉಡಿ ತುಂಬಿ ಕಳಸ್ತೀವಿ. ಮೊದಲ ಉಡಿ ನೀನ ತುಂಬಬೇಕು. ನಿನ್ನ ಕೈಗುಣ ಚಲೋ ಐತಿ."

ಮನೆ ಬಿಟ್ಟು ದೂರ ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಹರಸುವುದೇ ಉಡಿ. ಮೊದಲ ಉಡಿ ತುಂಬುವವಳು ತಾಯಿಯ ಜಾಗದಲ್ಲಿ ನಿಂತ ಹಾಗೆ. ಪಕ್ಕೀರಮ್ಮನ ಹಣೆಗೆ ಕುಂಕುಮ ಹಚ್ಚಿ ಅನ್ನದಾನಮ್ಮ ಹೋದರು.

ಆ ಭಾನುವಾರ ಮಗನ ಮುಖದಲ್ಲಿ ನಗು ಇತ್ತು, ಎಡಗಣ್ಣು ಬಾತಿತ್ತು. ಪಕ್ಕೀರಮ್ಮ ಉಡಿಯ ಸುದ್ದಿ ಹೇಳಿದಳು.

"ಅಮೃತಾನ ಹೆಸರು ಕೊಟ್ಟಾವ ನಾನ ಅವ್ವಾ. ಒಬ್ಬರನ್ನ ಕರಿಸಿದ್ರ ಒಬ್ಬರನ್ನ ಬಿಡ್ತಾರ. ಆಕಿ ಬಂದ್ರ ನಾ ಮನಿಗೆ ಬರ್ತೀನಿ. ನೀ ಏನೂ ಹೇಳಬ್ಯಾಡ. ಸುಮ್ನ ಉಡಿ ತುಂಬು."

"ನಿನ್ನ ಕೈಯಾಗ ಅಕ್ಷರ ಕಲ್ತ ಹುಡುಗೀನ ಕೊಡ್ತಿಯೇನಲೇ!" ಪಕ್ಕೀರಮ್ಮನಿಗೆ ನಗುವುದೇ ಮರೆತುಹೋಗಿತ್ತು.

"ನಗವ್ವಾ" ಎಂದ ಅವನು. "ಬೈಯೋದಾದ್ರೂ ನಗಕೋಂತ ಬೈ. ಇನ್ನ ನನ್ನ ಕೈಲಿ ಆಗಂಗಿಲ್ಲ."

ಗುರುವಾರದವರೆಗೆ ಅವಳು ಉಂಡದ್ದು ಮೈಗೆ ಹತ್ತಲಿಲ್ಲ. ಹೆತ್ತ ಕರುಳು ಒಂದು ಮಾತು ಹೇಳುತ್ತಿತ್ತು: ನಿನ್ನ ಮಗ ಬದುಕಲಿ, ಅವರ ಮಗಳ ಹಣೆಬರಹ ಅವರದು. ಈ ಮಾತು ತನ್ನದೇ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಕೊನೆಗೆ ಸುಮ್ಮನಿರುವುದೆಂದೇ ನಿಶ್ಚಯಿಸಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು.

ಶಿವಯೋಗಪ್ಪನವರ ಪಡಸಾಲೆಯಲ್ಲಿ ಗಾದಿಲಿಂಗಪ್ಪನಿಗೆ ಕುರ್ಚಿ ಹಾಕಿದ್ದರು. ಶಾಲು ಹೊದಿಸಿದರು. ಹೊರಗಿನ ಕಟ್ಟೆಯಿಂದ ಮುಂದೆ ಅವನನ್ನು ಎಂದೂ ಕರೆದಿರದ ಮನೆ ಅದು. ಅವನು ಶಾಲಿನ ಅಂಚನ್ನು ಬೆರಳಲ್ಲಿ ಸವರುತ್ತ ಹೊಸ ಮದುಮಗನಂತೆ ತಲೆ ತಗ್ಗಿಸಿ ಕೂತಿದ್ದ. ಅಮೃತಾ ಹಸಿರು ಸೀರೆ ಉಟ್ಟು ಮಣೆಯ ಮೇಲಿದ್ದಳು. ಪಕ್ಕದಲ್ಲಿ ಬ್ಯಾಗು. ಬ್ಯಾಗಿನಿಂದ ಬಣ್ಣಬಣ್ಣದ ಎಬಿಸಿಡಿ ಚಾರ್ಟುಗಳ ಸುರುಳಿ ಹೊರಗೆ ಚಾಚಿತ್ತು.

ಪಕ್ಕೀರಮ್ಮ ಮೊರದಿಂದ ಎರಡೂ ಕೈತುಂಬ ಅಕ್ಕಿ ಎತ್ತಿಕೊಂಡಳು. ಅಮೃತಾ ಸೆರಗು ಒಡ್ಡಿದಳು. ಒಡ್ಡಿ, ತಲೆ ಎತ್ತಿ, ಸಣ್ಣ ದನಿಯಲ್ಲಿ ಕೇಳಿದಳು:

"ಅಮ್ಮಾರ, ಅಲ್ಲಿ ಮಕ್ಕಳು ಹೆಂಗ ಅದಾವಂತ್ರಿ? ಸರ್ ಏನರ ಹೇಳ್ಯಾರೇನು? ಚಾರ್ಟ್ ತಗೊಂಡೀನಿ, ಅವಕ್ಕ ಸೇರತಾವೋ ಇಲ್ಲೋ."

ಅಕ್ಕಿ ಹಿಡಿದ ಕೈಯನ್ನು ಪಕ್ಕೀರಮ್ಮ ಹಿಂದಕ್ಕೆ ತೆಗೆದುಕೊಂಡಳು. ಸುಮ್ಮನಿರಬೇಕೆಂದು ಬಂದವಳೇ ಅವಳು. ಆದರೆ ಈ ಹುಡುಗಿ ಮಕ್ಕಳನ್ನು ಕೇಳುತ್ತಿದ್ದಳು.

"ಅಲ್ಲಿ ಮಕ್ಕಳಿಲ್ಲ ನನ್ನವ್ವಾ" ಎಂದಳು ಪಕ್ಕೀರಮ್ಮ. "ಸಾಲಿನೂ ಇಲ್ಲ. ಹೋಗಬ್ಯಾಡ."

ಅಕ್ಕಿಯನ್ನು ಮತ್ತೆ ಮೊರಕ್ಕೆ ಸುರಿದಳು. ಒಡ್ಡಿದ ಉಡಿ ಹಾಗೆಯೇ ಇತ್ತು.

ಮೊದಲು ಯಾರೂ ನಂಬಲಿಲ್ಲ. 'ಹೊಟ್ಟೆಕಿಚ್ಚು, ಮಗನ ಸರಿಸಮ ಮತ್ತೊಬ್ಬರು ಹೋಗಬಾರದು ಅಂತ' ಎಂದು ಹಿಂದಿನಿಂದ ಯಾರೋ ಅಂದರು. ಪಕ್ಕೀರಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮುಳ್ಳುತಂತಿ ಹೇಳಿದಳು, ಕರೆಂಟ್ ಹೇಳಿದಳು, ಹೆಸರು ಕೊಟ್ಟವನು ತನ್ನ ಮಗನೇ ಎಂಬುದನ್ನೂ ಮುಚ್ಚಿಡಲಿಲ್ಲ. ಅಮೃತಾ ಎದ್ದು ಚಾರ್ಟಿನ ಸುರುಳಿ ತೆಗೆದುಕೊಂಡು ಒಳಗೆ ಹೋದಳು. ಅವಳು ನಂಬಿದ್ದಳು.

"ಗೊತ್ತಿದ್ದೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೇನು?" ಅನ್ನದಾನಮ್ಮ ಕೂಗಿದರು. "ನನ್ನ ಮಗಳ ಉಡಿಗೆ ಕೈ ಹಚ್ಚಾಕ ಬಂದಿದ್ದೇನು?"

ಪಕ್ಕೀರಮ್ಮ ಕುರ್ಚಿಯ ಕಡೆ ತಿರುಗಿ ನೋಡಿದಳು. ಗಾದಿಲಿಂಗಪ್ಪ ಎದ್ದು ನಿಂತು, ಶಾಲನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಮೇಲಿಟ್ಟು, ಯಾರನ್ನೂ ನೋಡದೆ ಹೊರಗೆ ನಡೆದ.

ಅವಳಿಗೆ ಅವನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ದೂರು ಬರೆದುಕೊಳ್ಳುವವರು ಮಗನ ಓದು ಕೇಳಿದಾಗ ಗಾದಿಲಿಂಗಪ್ಪ ಅಭ್ಯಾಸಬಲದಿಂದ "ಎಂ.ಎ." ಎಂದ. ಆಮೇಲೆ ತಾನೇ ತಿದ್ದಿ, "ಇಲ್ರೀ ಸಾಹೇಬ್ರ, ಡಿಗ್ರಿ ಆಗಿಲ್ರಿ" ಎಂದ. ಮೇಲಿನವರಿಗೆ ಕಳಿಸುತ್ತೇವೆ, ಕಾಯಿರಿ ಎಂದರು. ವಾಪಸು ಬರುವಾಗ ಗಾದಿಲಿಂಗಪ್ಪ ಬಸ್‌ಸ್ಟ್ಯಾಂಡಿನ ಎದುರು ಕಂಬ ಹತ್ತಿ, ಹಗ್ಗ ಕೊಯ್ದು, ಫ್ಲೆಕ್ಸ್ ಇಳಿಸಿದ. ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದ.

ಭಾನುವಾರ ಬೆಳಗ್ಗೆ ಫೋನು ಬಂತು. ಪರದೆಯ ಮೇಲೆ ತಿಪ್ಪೇಶ ನಗುತ್ತಿದ್ದ.

"ಉಡಿ ತುಂಬಿದೇನವ್ವಾ?"

"ಇಲ್ಲಪ್ಪಾ. ಎಲ್ಲಾ ಹೇಳಿಬಿಟ್ಟೆ."

ಅವನ ಕಣ್ಣು ತುಂಬಿ ಬಂತು. ನಗು ಮಾತ್ರ ಕದಲಲಿಲ್ಲ. ಪಕ್ಕದಲ್ಲಿ ನಿಂತವನು ನೋಡುತ್ತಿದ್ದನಲ್ಲ.

"ಚಲೋ ಮಾಡಿದಿ ಬಿಡು" ಎಂದ. "ಅಪ್ಪ ಫ್ಲೆಕ್ಸ್ ಇಳಿಸ್ಯಾನೇನು?"

"ಇಳಿಸ್ಯಾನ."

"ಇರಲಿ ಅನ್ನಬೇಕಿತ್ತವ್ವಾ. ಅದರಾಗಾದ್ರೂ ನಾ ಮೇಷ್ಟ್ರಿದ್ದೆ."

ಪಕ್ಕೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಗವ್ವಾ" ಎಂದ ಅವನು. "ನೋಡಾಕತ್ಯಾನ. ನಗು."

ಅವಳು ನಕ್ಕಳು. ಪರದೆ ಕಪ್ಪಾಗುವವರೆಗೂ ನಕ್ಕಳು. ಆಮೇಲೆ ಎಷ್ಟೋ ಭಾನುವಾರಗಳು ಬಂದವು, ಫೋನು ಬರಲಿಲ್ಲ.