ಗೇಟಿನಲ್ಲಿ ಸಿಕ್ಕಿಕೊಂಡ ನಮಸ್ಕಾರ

ನಾರಿನ ಲಂಗ ಉಟ್ಟು, ಬರಿಗಾಲಲ್ಲಿ, ಲ್ಯಾಪ್‌ಟಾಪಿನ ಮುಂದೆ ಕೂತು ಬೆವರು ಸುರಿಸುತ್ತಿದ್ದವಳು ನಾನು, ಹುಹಾನಾ. ವೈಕೌರಿ ಊರಿನ ಹಾಕಾ ಸ್ಪರ್ಧೆಯಲ್ಲಿ, ಎಂದರೆ ಕಾಲು ಬಡಿದು ಹಾಡಿ ಕುಣಿಯುವ ತಂಡಗಳ ಸ್ಪರ್ಧೆಯಲ್ಲಿ, ತೀರ್ಪುಗಾರರು ಕೊಡುವ ಅಂಕಗಳನ್ನು ದೊಡ್ಡ ಪರದೆಗೆ ಮುಟ್ಟಿಸುವ ಪ್ರೋಗ್ರಾಮ್ ಬರೆದವಳು ನಾನೇ. ಅದೇ ಸ್ಪರ್ಧೆಯಲ್ಲಿ ನಮ್ಮ ತಂಡದ ಮುಂದಿನ ಸಾಲಿನಲ್ಲಿ ನಿಲ್ಲಬೇಕಾದವಳೂ ನಾನೇ. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು. ಎಲ್ಲರ ಮಾತು ಕೇಳುವ ಸ್ವಭಾವ ನನ್ನದಲ್ಲ.

ಹಿಂದಿನ ಸಾಲಿನಲ್ಲಿ ನಿಂತು ನಿಂತೇ ನನ್ನ ತಲೆ ನರೆಯುತ್ತದೆ ಎಂದುಕೊಂಡಿದ್ದೆ. ಹಿಂದಿನ ಸಾಲೆಂದರೆ ಮುಂದಿನವರ ಬೆನ್ನು ನೋಡಿಕೊಂಡು ಹಾಡುವುದು. ಹಾಕಾದಲ್ಲಿ ಕಣ್ಣು ಅರಳಿಸುವುದು ಒಂದು ವರಸೆ, ನಾನು ಎಷ್ಟು ಅರಳಿಸಿದರೂ ನೋಡುವವರಿಲ್ಲ. ಈ ವರ್ಷ ಅಭ್ಯಾಸದ ನಡುವೆ ರೀಪೆಕಾ ಆಂಟಿ ನನ್ನತ್ತ ಬೆರಳು ಮಾಡಿ, "ಹುಹಾನಾ, ಮುಂದೆ ಬಾ" ಎಂದರು. ನಮ್ಮ ತಂಡವನ್ನು ಕಟ್ಟಿ, ಬೈದು, ತಿದ್ದಿ ಬೆಳೆಸಿದವರು ಅವರು. ಹೊಗಳಿಕೆ ಅವರ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿಲ್ಲ. ಅವತ್ತು ನಾನು ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಆದರೆ ಆಂಟಿಯದು ಒಂದು ಕಾನೂನು. ನಮಗಿಂತ ಮುಂಚಿನ ತಂಡದ ಅಂಕಗಳು ಬರುವ ಹೊತ್ತಿಗೆ ಸಾಲಿನಲ್ಲಿ ಇಲ್ಲದವರಿಗೆ ವೇದಿಕೆ ಇಲ್ಲ. ಯಾರ ಮಗಳಾದರೂ ಅಷ್ಟೇ, ಯಾವ ಕಾರಣವಾದರೂ ಅಷ್ಟೇ. ನನ್ನ ಜಾಗಕ್ಕೆ ಬದಲಿಯಾಗಿ ಪಿರಿಹಿರಾ ಎಂಬ ಹುಡುಗಿ ಅಲಂಕಾರ ಮಾಡಿಕೊಂಡು ಸಿದ್ಧವಾಗಿ ನಿಂತಿದ್ದಳು. ಪಾಪದ ಹುಡುಗಿ, ನನ್ನನ್ನು ನೋಡಿದಾಗಲೆಲ್ಲ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೆಳಗ್ಗೆ ಮೊದಲ ತಂಡ ವೇದಿಕೆಯಿಂದ ಇಳಿದ ಕೂಡಲೇ ಗ್ರಹಚಾರ ಶುರುವಾಗಿತ್ತು. ತೀರ್ಪುಗಾರರು ತಮ್ಮ ಟ್ಯಾಬ್ಲೆಟ್ಟಿನಲ್ಲಿ ಅಂಕ ಬರೆದು ಒತ್ತಿದರೆ, ಅದು ನನ್ನ ಲ್ಯಾಪ್‌ಟಾಪಿಗೆ ಬಂದು, ಅಲ್ಲಿಂದ ಆಕ್ಲೆಂಡಿನ ಸರ್ವರಿಗೆ ಹೋಗಿ, ಕೂಡಿ ಕಳೆದು ಪರದೆಗೆ ಬರಬೇಕು. ಹೋದ ವರ್ಷ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಈಗ ಒಂದೊಂದು ಅಂಕಕ್ಕೂ ಅರ್ಧ ನಿಮಿಷ ಚಕ್ರ ತಿರುಗುತ್ತದೆ. ಒಂದರ ಹಿಂದೆ ಒಂದು ಅಂಕ ಸಾಲುಗಟ್ಟಿ ಕಾಯುತ್ತದೆ. ಎಲ್ಲ ಅಂಕ ಮುಟ್ಟುವ ತನಕ ಮುಂದಿನ ತಂಡ ಬರುವಂತಿಲ್ಲ ಎಂಬುದು ಸ್ಪರ್ಧೆಯ ನಿಯಮ. ಜನ ಶಿಳ್ಳೆ ಹಾಕಿದರು, ಕಾಲು ಬಡಿದರು, ಆಮೇಲೆ ಕರಿದ ಬ್ರೆಡ್ ತಿನ್ನಲು ಎದ್ದು ಹೋದರು.

"ಏನ್ ತಂಗೀ, ನಿಮ್ ತಂಡಕ್ಕೆ ಅಂಕ ಜಾಸ್ತಿ ಹಾಕೋ ಬಟನ್ನು ಸಿಗ್ತಿಲ್ವಾ?" ಎಂದು ಹೋಹೇಪಾ ಪಕ್ಕದಲ್ಲಿ ಬಂದು ಕೂತ. ಈ ಸಭಾಂಗಣದ ತಂತಿ, ದೀಪ, ಇಂಟರ್ನೆಟ್ಟು ಎಲ್ಲ ಅವನ ಸುಪರ್ದಿಯಲ್ಲಿದೆ. ಅವನು ನದಿಯಾಚೆಯವನು, ನಮ್ಮ ಹಳೆಯ ಎದುರಾಳಿ ತಂಡದವನು. ಮಂಡಿ ಮುರಿದುಕೊಂಡದ್ದರಿಂದ ಈ ಸಲ ಊರುಗೋಲು ಹಿಡಿದು ಕೆಳಗೆ ಉಳಿದಿದ್ದ.

"ಬಾಯ್ ಮುಚ್ಕೊಂಡು ನಿನ್ ತಂತಿ ನೋಡು."

"ನನ್ ತಂತಿ ಬಂಗಾರ. ಹೊಸಾದು ಏನಾದ್ರೂ ತಂದಿದ್ರೆ ಅದು ನೀನೇ ತಂದಿರೋದು. ಏನ್ ಬದಲಾಯಿಸ್ದೆ, ಹೇಳು."

ಬದಲಾಯಿಸಿದ್ದು ನಿಜ. ಪ್ರೋಗ್ರಾಮ್ ಬರೆದ ಭಾಷೆಯ ಹಳೆಯ ಆವೃತ್ತಿಗೆ ಇನ್ನು ಮೇಲೆ ರಿಪೇರಿ ಸಿಗುವುದಿಲ್ಲವೆಂದು ಅದನ್ನು ಮಾಡಿದವರು ಹೇಳಿದ್ದರು. ಹಾಗಾಗಿ ಹೋದ ತಿಂಗಳು ಹೊಸ ಆವೃತ್ತಿಗೆ ಏರಿಸಿದ್ದೆ. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಗುಂಡಿನಂತೆ ಓಡಿತ್ತು.

"ಹಾಗಾದ್ರೆ ಹಳೇದನ್ನೇ ಹಾಕು."

"ಹಳೇದು ಮನೇಲಿದೆ, ಗುಡ್ಡದ ಆಚೆ. ಹೋಗ್ ಬರೋಷ್ಟ್ರಲ್ಲಿ ಪಿರಿಹಿರಾ ನನ್ ಜಾಗದಲ್ಲಿ ಕುಣಿದು, ಮದ್ವೆಯಾಗಿ, ಮಕ್ಕಳನ್ನೂ ಹೆತ್ತಿರ್ತಾಳೆ."

ಮೊದಲು ಆಕ್ಲೆಂಡಿನ ಸರ್ವರನ್ನು ಅನುಮಾನಿಸಿದೆ. ಬಾಗಿಲ ಬಳಿ ನಿಂತು ಫೋನಿನಲ್ಲಿ ತೆರೆದರೆ ತಕ್ಷಣ ತೆರೆದುಕೊಂಡಿತು. ಅದು ನಿರಪರಾಧಿ. ಹಾಗಾದರೆ ಅಂಕಗಳನ್ನೂ ಫೋನಿನಿಂದಲೇ ಕಳಿಸಿಬಿಡೋಣವೆಂದರೆ, ಊರಿಗಿರುವುದು ಒಂದೇ ಟವರು, ಊರೆಲ್ಲ ಅದರ ಮೇಲೆ ವಿಡಿಯೊ ಹೇರುತ್ತಿತ್ತು. ಒಮ್ಮೆ ಸಿಕ್ಕ ಸಿಗ್ನಲ್ ಇನ್ನೊಮ್ಮೆ ಸಿಗಲಿಲ್ಲ. ಆಮೇಲೆ ಸಭಾಂಗಣದ ವೈಫೈ ನೋಡಿದೆ. ಅದೂ ಚುರುಕು. ಸರ್ವರಿನ ವಿಳಾಸ ಹುಡುಕುವುದರಲ್ಲಿ ತಡವಾಗುತ್ತಿದೆಯೇ ಎಂದರೆ ಅದೂ ಇಲ್ಲ. ಅಷ್ಟರಲ್ಲಿ ಇನ್ನೊಂದು ತಂಡ ಇಳಿಯಿತು, ಮತ್ತೆ ಚಕ್ರ ತಿರುಗಿತು, ಮುಖ್ಯ ತೀರ್ಪುಗಾರರು ನನ್ನ ಕಡೆ ನೋಡಿ ಕಾಗದ ಪೆನ್ನು ಎತ್ತಿ ತೋರಿಸಿದರು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಇನ್ನು ಉಳಿದದ್ದು ನದಿಯಾಚೆಯ ತಂಡ, ಅದರ ಬೆನ್ನಿಗೇ ನಾವು.

ಕೊನೆಗೆ, ನನ್ನ ಯಂತ್ರದಿಂದ ಹೊರಗೆ ಹೋಗುವ ಮಾಹಿತಿಯ ಒಂದೊಂದು ತುಣುಕನ್ನೂ ಬಿಡಿಬಿಡಿಯಾಗಿ ತೋರಿಸುವ ಉಪಕರಣ ತೆರೆದೆ. ಯಾವುದೇ ಸರ್ವರಿನ ಜೊತೆ ಗುಟ್ಟಾಗಿ ಮಾತಾಡಬೇಕಾದರೆ ಮೊದಲು ಒಂದು ನಮಸ್ಕಾರ ಹೇಳಬೇಕು. ನಾನು ಇಂಥವರ ಮನೆಗೆ ಬಂದಿದ್ದೇನೆ, ನನ್ನ ಬಳಿ ಇಂಥ ಬೀಗಗಳಿವೆ ಎಂದು. ನಮ್ಮ ನಮಸ್ಕಾರ ಹೊರಟದ್ದು ಕಂಡಿತು. ಆಮೇಲೆ ಮೌನ. ಅರ್ಧ ನಿಮಿಷದ ಮೌನ. ಆಮೇಲೆ ಏನೂ ಆಗಿಲ್ಲವೆಂಬಂತೆ ಎಲ್ಲವೂ ಸರಸರನೆ ನಡೆಯಿತು.

"ಇಲ್ನೋಡು! ನಮಸ್ಕಾರದ ಹತ್ರಾನೇ ನಿಲ್ತಿದೆ!" ಎಂದು ಕಿರುಚಿದೆ. ಹೋಹೇಪಾ ತಮಾಷೆ ಮರೆತು ಕುರ್ಚಿ ಎಳೆದುಕೊಂಡ. ರೋಗ ಎಲ್ಲಿದೆ ಎಂದು ಗೊತ್ತಾಗಿತ್ತು, ಏಕೆ ಎಂದು ಗೊತ್ತಾಗಿರಲಿಲ್ಲ. ಇಂಥ ಹೊತ್ತಿನಲ್ಲಿ ನನಗೆ ಆಗುವ ಸಂತೋಷವನ್ನು ಯಾರಿಗೂ ಹೇಳಲಾರೆ. ಕೆಲಸ ಕೆಟ್ಟಿದೆ, ಮಾನ ಹೋಗುತ್ತಿದೆ, ಆದರೂ ಒಳಗೆ ಕುಣಿಯುವಂತಾಗುತ್ತದೆ.

ಹೋದ ವರ್ಷ ಇದೇ ಉಪಕರಣದಿಂದ ಹಿಡಿದಿಟ್ಟ ದಾಖಲೆ ಲ್ಯಾಪ್‌ಟಾಪಿನಲ್ಲೇ ಬಿದ್ದಿತ್ತು. ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಹೋದ ವರ್ಷದ ನಮಸ್ಕಾರ ಒಂದೇ ತುಣುಕು. ಈ ವರ್ಷದ್ದು ಎರಡು. ಹೊಸ ಆವೃತ್ತಿ ಇನ್ನೂ ಗಟ್ಟಿಯಾದ ಹೊಸ ಬೀಗವೊಂದನ್ನು ಜೊತೆಗೆ ಒಯ್ಯುತ್ತದೆ, ಅದು ಎಷ್ಟು ಉದ್ದವೆಂದರೆ ಒಂದು ತುಣುಕಿನಲ್ಲಿ ಹಿಡಿಸುವುದಿಲ್ಲ. ಸರಿ, ಎರಡಾದರೆ ಏನಾಯಿತು? ತಲೆಯೆತ್ತಿ ಕಿಟಕಿಯಾಚೆ ನೋಡಿದೆ.

ಗೇಟಿನ ಹೊರಗೆ ಉತ್ತರದ ಅತಿಥಿಗಳು ಬಿಸಿಲಲ್ಲಿ ನಿಂತಿದ್ದರು. ಮೊದಲ ಸಲ ಬಂದ ಅತಿಥಿಗಳು ನಮ್ಮ ಕಡೆಯ ಹೆಂಗಸೊಬ್ಬಳು ಕೂಗಿ ಕರೆಯುವ ತನಕ ಗೇಟು ದಾಟುವಂತಿಲ್ಲ, ಅದು ನಮ್ಮ ಪದ್ಧತಿ. ಅವರ ಒಂದು ಬಸ್ಸು ಬಂದಿತ್ತು, ಇನ್ನೊಂದು ಎಲ್ಲೋ ದಾರಿ ತಪ್ಪಿತ್ತು. ಕರೆಯಬೇಕಾದ ಹೆಂಗಸು ಬಾಯಿ ಬಿಗಿದುಕೊಂಡು ನಿಂತಿದ್ದಳು. ಅರ್ಧ ಬಂಧುಗಳನ್ನು ಹೊರಗೆ ಬಿಟ್ಟು ಇನ್ನರ್ಧವನ್ನು ಯಾರೂ ಕರೆಯುವುದಿಲ್ಲ. ಎರಡನೇ ಬಸ್ಸು ಬರಬೇಕು, ಇಲ್ಲವೇ ಹಿರಿಯರಿಗೆ ಸಾಕಾಗಿ ಹೋಗಿ, "ಸರಿ, ಕರೀರಿ" ಎನ್ನಬೇಕು. ಬೆಳಗ್ಗೆಯೇ ಸ್ವಾಗತ ಮುಗಿಸಿಕೊಂಡ ದಕ್ಷಿಣದವರು ಮಾತ್ರ ಅದೇ ಗೇಟಿನಲ್ಲಿ ಐಸ್‌ಕ್ರೀಮ್ ನೆಕ್ಕುತ್ತ ಒಳಗೂ ಹೊರಗೂ ಓಡಾಡುತ್ತಿದ್ದರು. ಅವರನ್ನು ಯಾರೂ ಮತ್ತೆ ಕರೆಯುತ್ತಿರಲಿಲ್ಲ.

ತಟ್ಟನೆ ಹೊಳೆಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಕೈ ಬಂದು ನನ್ನ ದವಡೆ ಹಿಡಿಯಿತು.

"ಗದ್ದ ಅರ್ಧ ಬಿಟ್ಟು ಓಡಿ ಬಂದಿದೀಯಲ್ಲೇ!" ರೀಪೆಕಾ ಆಂಟಿ, ಕುಣಿಯುವ ಹೆಂಗಸರ ತುಟಿ ಗದ್ದಕ್ಕೆ ಹಚ್ಚೆಯಂಥ ಗೆರೆ ಬರೆಯುವ ಕಪ್ಪು ಪೆನ್ಸಿಲ್ ಹಿಡಿದು ಬಂದಿದ್ದರು. "ಅಲ್ಲಾಡಬೇಡ. ಬಾಯಿ ತೆಗೆದ್ರೆ ಗದ್ದದ ಮೇಲೆ ಹಾವು ಹರಿಯುತ್ತೆ."

"ಮ್ಮ್! ಮ್ಮ್ಮ್!" ಎಂದು ಗೇಟಿನ ಕಡೆ ಬೆರಳು ತೋರಿಸಿದೆ.

"ಏನು? ಬಸ್ಸಾ?" ಎಂದ ಹೋಹೇಪಾ. "ಯಾರಾದ್ರೂ ಬಿದ್ರಾ?"

"ಐಸ್‌ಕ್ರೀಮ್ ಬೇಕಂತೆ," ಎಂದರು ಆಂಟಿ ತುಟಿಯ ಗೆರೆ ತೀಡುತ್ತ. "ಆಮೇಲೆ ಕೊಡಿಸ್ತೀನಿ, ಸುಮ್ನಿರು ಪುಟ್ಟಿ."

ಸಿಟ್ಟು ನೆತ್ತಿಗೇರಿತು. ಜೀವಮಾನದಲ್ಲಿ ಒಮ್ಮೆ ಹೊಳೆಯುವಂಥದ್ದು ಹೊಳೆದಿದೆ, ಹೇಳಲು ಬಾಯಿಲ್ಲ. ಕತ್ತು ಅಲ್ಲಾಡಿಸದೆ ಎರಡೂ ಕೈ ಕೀಲಿಮಣೆಗೆ ಹಾಕಿ ದೊಡ್ಡ ಅಕ್ಷರದಲ್ಲಿ ಹೊಡೆದೆ: ಇಂಟರ್ನೆಟ್ಟಿನ ಬಾಗಿಲಲ್ಲಿ ನಿನ್ನದೊಂದು ಪೆಟ್ಟಿಗೆ ಇದೆಯಾ?

ಹೋಹೇಪಾ ಓದಿ ಹುಬ್ಬೇರಿಸಿದ. "ಬೀರುವಲ್ಲಿ ಬೂದಿ ಬಣ್ಣದ್ದೊಂದಿದೆ. ಮಕ್ಕಳು ಕೆಟ್ಟ ಸೈಟಿಗೆ ಹೋಗದ ಹಾಗೆ ನೋಡ್ಕೊಳ್ಳುತ್ತೆ. ಹೊರಗೆ ಹೋಗೋ ಪ್ರತಿ ನಮಸ್ಕಾರಾನೂ ಓದಿ, ಎಲ್ಲಿಗೆ ಹೊರಟಿದೆ ಅಂತ ನೋಡಿ ಬಿಡುತ್ತೆ. ನಾನು ಇಲ್ಲಿಗೆ ಬರೋ ಮುಂಚಿನಿಂದ ಇದೆ, ಒಂದ್ ದೂರೂ ಇಲ್ಲ."

ಆಂಟಿ ದವಡೆ ಬಿಟ್ಟರು. ಅಣೆಕಟ್ಟು ಒಡೆದಂತೆ ನನ್ನ ಮಾತು ಹೊರಬಿತ್ತು.

"ಅದೇ ಕಣೋ ರೋಗ! ಅದು ಮುದಿ ಪೆಟ್ಟಿಗೆ. ಒಂದೇ ತುಣುಕಿನ ನಮಸ್ಕಾರ ಓದಿ ಅಭ್ಯಾಸ. ಈಗ ಅರ್ಧ ಬಂದ್ರೆ, ಇನ್ನರ್ಧ ಬರ್ಲಿ ಅಂತ ಗೇಟ್ ಹಾಕ್ಕೊಂಡು ಕಾಯುತ್ತೆ. ಇನ್ನರ್ಧ ಬಂದ್ರೂ ಅದು ಅದೇ ಮಾತಿನ ಬಾಲ ಅಂತ ಗೊತ್ತಾಗಲ್ಲ. ಕಾದು ಕಾದು ಸಾಕಾಗಿ, ಹಾಳಾಗ್ ಹೋಗ್ಲಿ ಅಂತ ಬಿಡುತ್ತೆ. ಅದೇ ಆ ಅರ್ಧ ನಿಮಿಷ!"

"ನನ್ ಪೆಟ್ಟಿಗೇನ ಮುದಿ ಅಂತೀಯಾ?" ಎಂದು ಅವನು ಮುಖ ಊದಿಸಿಕೊಂಡ. ಆದರೆ ಕಣ್ಣು ತುಣುಕುಗಳ ಮೇಲೇ ಇತ್ತು. ಮೌನ ಎಷ್ಟು ಉದ್ದ ಎಂದು ನೋಡಿದ, ಪ್ರತಿ ಸಲವೂ ಅಷ್ಟೇ ಉದ್ದ ಎಂದು ನೋಡಿದ. "ಥೂ, ಹೌದಲ್ಲೇ. ಅದರ ಕಾಯೋ ಗಡುವು ಇಷ್ಟೇ. ಆದ್ರೆ ಬೀರು ತೆಗೆಯೋಕಾಗಲ್ಲ. ಬೀಗದ ಕೈ ಮ್ಯಾನೇಜರ್ ಹತ್ರ ಇದೆ, ಅವ್ರು ಮೀನು ಹಿಡಿಯೋಕೆ ಹೋಗಿದಾರೆ."

"ಬೀರು ತೆಗೀಬೇಡ. ಪ್ರತಿ ಅಂಕಕ್ಕೂ ಗೇಟಿನ ಹೊರಗಿಂದ ಹೊಸದಾಗಿ ನಮಸ್ಕಾರ ಹೇಳೋ ಹಾಗೆ ನಾನೇ ಬರೆದಿದೀನಿ. ಒಂದೇ ಸಲ ಸ್ವಾಗತ ಮಾಡಿಸ್ಕೊಂಡು ಒಳಗೇ ಇದ್ಬಿಟ್ರೆ? ಆಮೇಲೆ ಎಷ್ಟ್ ಸಲ ಓಡಾಡಿದ್ರೂ ಕೇಳೋರಿಲ್ಲ!"

ಹೊರಗೆ ಶಂಖ ಮೊಳಗಿತು. ನದಿಯಾಚೆಯ ತಂಡ ವೇದಿಕೆ ಹತ್ತಿತು. ನೆಲ ಗುಡುಗತೊಡಗಿತು, ಮೇಜಿನ ಮೇಲಿನ ಲೋಟ ತಾನಾಗಿ ಸರಿಯಿತು. ಅವರು ಚೆನ್ನಾಗಿ ಮಾಡುತ್ತಿದ್ದಾರೆಂದು ಕಾಲ ಸದ್ದಿನಲ್ಲೇ ಗೊತ್ತಾಯಿತು, ದರಿದ್ರದವರು. ಆಂಟಿ ಒಂದೇ ಮಾತು ಹೇಳಿ ಹೊರಟರು: "ಅವರ ಅಂಕ ಬರೋಷ್ಟ್ರಲ್ಲಿ ಸಾಲಿನಲ್ಲಿ ಇರ್ಬೇಕು. ಇಲ್ದಿದ್ರೆ ಪಿರಿಹಿರಾ."

ಬರೆದೆ. ಎರಡು ಸಲ ತಪ್ಪು ಹೊಡೆದೆ, ಹೋಹೇಪಾ ಎರಡು ಸಲವೂ ಊರುಗೋಲಿನಿಂದ ಪರದೆಗೆ ತಿವಿದು ತೋರಿಸಿದ. ಒಮ್ಮೆ ತೆರೆದ ಸಂಪರ್ಕವನ್ನು ಮುಚ್ಚದೆ ಇಟ್ಟುಕೊಂಡು, ಎಲ್ಲ ಅಂಕವೂ ಅದರಲ್ಲೇ ಹೋಗುವಂತೆ ಮಾಡಿ ಪ್ರೋಗ್ರಾಮನ್ನು ಮತ್ತೆ ಶುರುಮಾಡಿದೆ. ಮೊದಲ ನಮಸ್ಕಾರ ಹೊರಟಿತು. ಮುದಿ ಪೆಟ್ಟಿಗೆ ಅದನ್ನು ಗೇಟಿನಲ್ಲಿ ನಿಲ್ಲಿಸಿಕೊಂಡಿತು. ಕಾದೆವು. ಜಗತ್ತಿನಲ್ಲಿ ಅಷ್ಟು ಉದ್ದದ ಅರ್ಧ ನಿಮಿಷ ಇನ್ನೊಂದಿಲ್ಲ. ಆಮೇಲೆ ಹಸಿರು ದೀಪ ಬಂತು.

ಪರೀಕ್ಷೆಗೆಂದು ಒಂದು ಸುಳ್ಳು ಅಂಕ ಕಳಿಸಿದೆ. ಬೆರಳು ಎತ್ತುವ ಮುಂಚೆ ತಲುಪಿತು. ಇನ್ನೊಂದು ಕಳಿಸಿದೆ. ತಲುಪಿತು! ನಾನು ಹೋಹೇಪಾನ ಕುತ್ತಿಗೆ ತಬ್ಬಿಕೊಂಡು ಕುಣಿದೆ. ಅವನು "ಮಂಡಿ, ಮಂಡಿ!" ಎಂದು ಅರಚಿದ. ಸುಳ್ಳು ಅಂಕಗಳನ್ನು ಅಳಿಸಿದೆ.

ಆದರೆ ಒಂದು ಕಂಟಕ ಉಳಿದಿತ್ತು. ಸಂಪರ್ಕ ನಡುವೆ ಕಡಿದರೆ ಯಾರಾದರೂ ಕೂತಿದ್ದು ಮತ್ತೆ ಜೋಡಿಸಬೇಕು. ನಾನು ಕೂತರೆ ವೇದಿಕೆ ಇಲ್ಲ. ನಾನು ಎದ್ದರೆ, ನಮ್ಮ ತಂಡದ ಅಂಕಗಳೆಲ್ಲ ಹಾದುಹೋಗುವ ಯಂತ್ರದ ಮುಂದೆ ನದಿಯಾಚೆಯವನು ಕೂರಬೇಕು. ಲ್ಯಾಪ್‌ಟಾಪನ್ನು ಅವನ ಕಡೆ ತಳ್ಳಿದೆ.

"ನಿಮ್ ಅಂಕಾನ ನನ್ ಕೈಗೆ ಕೊಟ್ಟು ಹೋಗ್ತೀಯಾ?" ಅವನು ನಗಲಿಲ್ಲ.

"ಕೊಟ್ಟೆ. ಆಟ ಆಡಿದ್ರೆ ಇನ್ನೊಂದು ಮಂಡೀನೂ ಮುರೀತೀನಿ."

"ಹೋಗೇ, ಓಡು!"

ಲಂಗ ಪಟಪಟಿಸುತ್ತ ಓಡಿದೆ. ವೇದಿಕೆಯ ಹಿಂದೆ ನಮ್ಮವರು ಸಾಲುಗಟ್ಟಿದ್ದರು, ಮುಂದಿನ ಸಾಲಿನ ಒಂದು ಜಾಗದ ಪಕ್ಕದಲ್ಲಿ ಪಿರಿಹಿರಾ ನಿಂತಿದ್ದಳು. ನಾನು ನುಗ್ಗಿ ನಿಂತೆ. ಅದೇ ಹೊತ್ತಿಗೆ ನದಿಯಾಚೆಯವರ ಅಂಕಗಳು ಪರದೆಯ ಮೇಲೆ ಟಪಟಪನೆ ಬಿದ್ದವು, ಒಂದೂ ನಿಲ್ಲದೆ. ಜನ ಹೋ ಎಂದರು. ದಿನದ ಎಲ್ಲಕ್ಕಿಂತ ಹೆಚ್ಚಿನ ಮೊತ್ತ. ನನ್ನ ರಿಪೇರಿಯ ಮೊದಲ ಫಲ ತಿಂದವರು ಅವರೇ. ಆಂಟಿ ನನ್ನ ಕಡೆ ಒಮ್ಮೆ ನೋಡಿ ಸಾಲು ನೇರ ಮಾಡಿದರು. ಪಿರಿಹಿರಾ ನನ್ನ ಭುಜ ತಟ್ಟಿ ಹಿಂದೆ ಸರಿದಳು.

ವೇದಿಕೆಯ ಮೇಲೆ ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ. ಬರೀ ಗಾಳಿ, ಬೆಳಕು, ಸಾವಿರಾರು ಮುಖ. ಹಾಡು ಹೊಟ್ಟೆಯಿಂದ ಎದ್ದು ಬಂತು. ಕಾಲು ಬಡಿದರೆ ಹಲಗೆ ಉತ್ತರ ಕೊಟ್ಟಿತು. ದಾರಕ್ಕೆ ಕಟ್ಟಿ ಬೀಸುವ ಪೊಯಿ ಚೆಂಡುಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ಕಣ್ಣು ಅರಳಿಸಿದೆ, ಈ ಸಲ ಎಲ್ಲರೂ ನೋಡಿದರು. ಹಾಕಾದ ಕೊನೆಯ ಕೂಗಿಗೆ ಗಂಟಲು ಹರಿದುಹೋಯಿತು. ನನಗೆ ಅಷ್ಟು ಸುಖ ಯಾವತ್ತೂ ಆಗಿರಲಿಲ್ಲ.

ನಾವು ಇಳಿದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅಂಕಗಳು ಮೇಲಿದ್ದವು. ಬೆಳಗಿನ ತಂಡಗಳಿಗೆಲ್ಲ ಆಸೆಪಡಲಾದರೂ ಸಮಯ ಸಿಕ್ಕಿತ್ತು. ನಮಗೆ ಅದೂ ಸಿಗಲಿಲ್ಲ. ನದಿಯಾಚೆಯವರಿಗಿಂತ ಅರ್ಧ ಅಂಕ ಕಡಿಮೆ. ದೂರದಲ್ಲಿ ಹೋಹೇಪಾ ಊರುಗೋಲು ಗಾಳಿಯಲ್ಲಿ ಬೀಸಿ ಕೂಗುತ್ತಿದ್ದ. ಆಮೇಲೆ ನನ್ನನ್ನು ಕಂಡು ಊರುಗೋಲು ಇಳಿಸಿ, ಲ್ಯಾಪ್‌ಟಾಪ್ ತೋರಿಸಿ, ಎದೆಯ ಮೇಲೆ ಕೈಯಿಟ್ಟ. ಅವನು ಆಟ ಆಡಿರಲಿಲ್ಲ. ನನಗೆ ಅದು ಗೊತ್ತಿತ್ತು.

ಆಂಟಿ ಬಂದು ಪಕ್ಕದಲ್ಲಿ ನಿಂತರು. ಪರದೆ ನೋಡಿದರು, ನನ್ನನ್ನು ನೋಡಿದರು.

"ಇಷ್ಟ್ ಬೇಗ ಸೋಲೋಕಾ ಅಷ್ಟೊಂದು ಒದ್ದಾಡಿದ್ದು?"

"ಮುಂದಿನ ಸಾಲಲ್ಲಿ ನಿಂತೆನಲ್ಲ ಆಂಟಿ."

"ಹ್ಞೂ," ಎಂದರು ಆಂಟಿ. "ಮುಂದಿನ ವರ್ಷಾನೂ ಅಲ್ಲೇ ನಿಂತ್ಕೋ."